ಒಗರು

ಬಾಟಲಿಗೆ ಚೀಟಿಯಿಲ್ಲ. ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯ ಮೇಲೆ
ಪೆನ್ನಿನಲ್ಲಿ ಬರೆದಿದ್ದಾಳೆ ಫ್ಲೇವಿಯಾ, ಅಕ್ಕನ ಮಗಳು:
ಶಿರಾಜ್ ಮೂರು ಪಾಲು, ಕ್ಯಾಬರ್ನೆ ಒಂದು, ಏಳು ತಿಂಗಳು.
ಕೆಳಗೆ ಸಣ್ಣಕ್ಷರದಲ್ಲಿ:
ಮಾಮ, ಸುಳ್ಳು ಹೇಳಬೇಡಿ.

ಸಖರಾಯಪಟ್ಟಣದ ಆಚೆ, ಮಳೆ ದಾರಿ ತಪ್ಪುವ ಕಡೆ,
ನಾಲ್ಕೆಕರೆ ತೆಂಗು ಕಡಿಸಿ ಬಳ್ಳಿ ಹಬ್ಬಿಸಿದವಳು.
ಹಣ್ಣು ತಿಂದು ನೋಡಿದ ಊರವರು ಕೇಳಿದ್ದರಂತೆ:
ಇಷ್ಟು ಸಣ್ಣದು, ಇಷ್ಟು ಬೀಜ, ಇದನ್ನ ಯಾರಮ್ಮ ಕೊಳ್ತಾರೆ?

ನಾನು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಮೂವತ್ತೊಂದು ವರ್ಷ ಸೊರ್ರೆಂದು ಹೀರಿ ಉಗುಳಿದವನು.
ದಿನಕ್ಕೆ ನೂರಿಪ್ಪತ್ತು ಬಟ್ಟಲು. ನುಂಗಿದರೆ ಕೆಲಸ ಕೆಟ್ಟಿತು.
ಪೀಕದಾನಿಗೆ ನಾನು ಕುಡಿಸಿದಷ್ಟು ಅರೇಬಿಕಾ
ಯಾವ ದೊರೆಯೂ ಕುಡಿದಿರಲಾರ.
ಜನ ಈಗಲೂ ನನಗಲ್ಲ, ನನ್ನ ನಾಲಿಗೆಗೆ ನಮಸ್ಕಾರ ಹೇಳುತ್ತಾರೆ.

ಅದಕ್ಕೇ ಯಾರಿಗೂ ಹೇಳಿಲ್ಲ:
ಆ ಜ್ವರದ ವರ್ಷ ಹೋದ ವಾಸನೆ ಮರಳಲಿಲ್ಲ.
ಕೊನೆಯ ಐದು ತಿಂಗಳು
ಬಣ್ಣ ನೋಡಿ, ತೋಟದ ಹೆಸರು ನೋಡಿ
ಅಂದಾಜಿನಲ್ಲಿ ಅಂಕ ಹಾಕಿದೆ.
ಒಂದು ಲಾಟೂ ವಾಪಸು ಬರಲಿಲ್ಲ.
ಬಂದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಮೂರೂವರೆ, ಕೋಟೆ ರಸ್ತೆಯ ಮಿಲಿಟರಿ ಹೋಟೆಲು.
ಗಿರಾಕಿಗಳಿಲ್ಲ. ದೇವೀರಮ್ಮ ಬೆಂಚು ಒರೆಸುತ್ತಿದ್ದಾಳೆ.
ಸ್ಟೀಲು ಲೋಟಕ್ಕೆ ಬಗ್ಗಿಸಹೊರಟವನನ್ನು ತಡೆದು
ಗಾಜಿನದು ತಂದಳು, ಅಳಿಯ ಬಂದಾಗ ಮಾತ್ರ ಇಳಿಸುವುದು.
ಬಾಗಿಲ ಬೆಳಕಿಗೆ ಹಿಡಿದೆ:
ಬಸಳೆಹಣ್ಣು ಹಿಂಡಿದ ಬಣ್ಣ, ಅಂಚಿನಲ್ಲಿ ಇನ್ನೂ ನೇರಿಳೆ.
ಎಳೆಯದು.

ಹೀರಿದೆ. ಹಣ್ಣಿಲ್ಲ, ಹೂವಿಲ್ಲ, ಏನೂ ಇಲ್ಲ.
ಆಮೇಲೆ ಒಗರು ಬಂತು.
ಒಗರು ರುಚಿಯಲ್ಲ, ಸ್ಪರ್ಶ. ಅದಕ್ಕೆ ಮೂಗಿನ ಹಂಗಿಲ್ಲ.
ಕೆನ್ನೆಯ ಒಳಗನ್ನು ನೆರಿಗೆ ಹಿಡಿದು ಎಳೆಯಿತು,
ಬೂಟುಗಾಲಲ್ಲಿ ವಸಡಿನ ಮೇಲೆಲ್ಲ ಓಡಾಡಿತು.
ಉಗುಳಲು ಪಾತ್ರೆ ಹುಡುಕಿದೆ.
ಇರಲಿಲ್ಲ.
ನುಂಗಿದೆ.

“ಏನು ವಾಸನೆ ಹೇಳಮ್ಮ.”
“ನಾನ್ ಕುಡಿಯಕಿಲ್ಲ ಸಾರ್.”
“ಮೂಗು ಸಾಕು.”
ಸೆರಗಲ್ಲಿ ಕೈ ಒರೆಸಿ ಬಗ್ಗಿದಳು. ಕಣ್ಣು ಮುಚ್ಚಿತು.
“ನೇರಳೆ ಬೀಜ ಕಡಿದಂಗೆ... ಆಮೇಲೆ,
ಇಸ್ಕೂಲಲ್ಲಿ ಸ್ಲೇಟ್ ಒರೆಸೋ ಒದ್ದೆ ಬಟ್ಟೆ.
ಕೊನೇಗೆ ಮೆಣಸು. ಒಣಗಾಕಿ ಮರೆತೋಗಿದ್ದು.”
ಬರೆದುಕೊಂಡೆ.
ಒದ್ದೆ ಬಟ್ಟೆ! ನಮ್ಮ ಪಟ್ಟಿಯಲ್ಲಿ ಅದಕ್ಕೆ ಖಾನೆಯೇ ಇರಲಿಲ್ಲ.

ಬಂಗುಡೆ ತಂದಳು. ತುಕ್ಕು ಮೊಳೆ ನೆಕ್ಕಿದ ಹಾಗಾಯಿತು, ಇಬ್ಬರಿಗೂ
(ಅವಳು ಕುಡಿಯಲಿಲ್ಲ, ರೊಟ್ಟಿ ಅದ್ದಿದಳು; ಅದ್ದುವುದು ಬೇರೆಯಂತೆ).
ಹಸಿಮೆಣಸಿನ ಚಟ್ನಿ: ಉರಿಗೆ ಸೀಮೆಎಣ್ಣೆ.
ಮೊಟ್ಟೆಗೂ ಅದಕ್ಕೂ ಮಾತೇ ಇಲ್ಲ.
ಕೊನೆಗೆ ಬಾಣಲೆಯ ತಳದ ಹಂದಿಹುರುಕಲು,
ಬಿಳಿ ಕಟ್ಟಿದ ಕೊಬ್ಬು ಕರಗುವ ತನಕ ಕಾಯಿಸಿ
ಅಕ್ಕಿರೊಟ್ಟಿಯ ಮೇಲೆ ಸುರಿದಳು.
ಕೊಬ್ಬು ನಾಲಿಗೆಗೆ ಚಾಪೆ ಹಾಸಿತು. ಮೇಲೊಂದು ಗುಟುಕು.
ಒಗರು ಬೂಟು ಬಿಚ್ಚಿ
ಒಳಗೆ ಬಂದು ಕೂತಿತು.

ಫೋನು. “ಹೇಗಿದೆ ಮಾಮ?”
ನೇರಳೆ ಬೀಜ, ಸ್ಲೇಟು ಬಟ್ಟೆ, ಮರೆತ ಮೆಣಸು ಎಂದು ಓದಿದೆ.
ಆ ಕಡೆ ಒಂದು ಉಸಿರು.
“ಅಬ್ಬಾ, ನಿಮ್ಮ ಮೂಗು ಇನ್ನೂ—”
ಬಾಟಲಿ ತಿರುಗಿತ್ತು, ಪಟ್ಟಿ ನನ್ನ ಕಡೆಗೆ.
“ಮೂಗು ನನ್ನದಲ್ಲ ಮಗಳೇ” ಎಂದೆ,
ಎಣ್ಣೆಗೈಯಲ್ಲೇ ಫೋನು ಹಿಡಿದ ದೇವೀರಮ್ಮ
ಆಗಲೇ ಜೋರು ದನಿಯಲ್ಲಿ ಹೇಳುತ್ತಿದ್ದಳು:
“ಇನ್ನೊಂದ್ ಮಳೆಗಾಲ ಮಲಗಲಿ ಬುಡವ್ವ, ಎಬ್ಬಿಸ್ಬೇಡ.”

ನೀರಿನ ಚೊಂಬು ಪಕ್ಕದಲ್ಲೇ ಇತ್ತು.
ಬಾಯಿ ಮುಕ್ಕಳಿಸಲಿಲ್ಲ.